ದನಿ ಇಲ್ಲದಾಗಲೂ ಕೈಬಿಡದ ನಮ್ಮ ಸಭೆಗೆ

ಪ್ರೀತಿಯ ಸಭೆಯವರೇ, ಕ್ರಿಸ್ತನಲ್ಲಿ ವಂದನೆಗಳು.

ಗಂಟಲಿನ ಆಪರೇಷನ್ ಆದಮೇಲೆ ಕಳೆದ ಭಾನುವಾರ ಮೊದಲ ಸಲ ನಿಮ್ಮ ಮುಂದೆ ನಿಂತು ಮಾತಾಡಿದೆ. ದನಿ ಇನ್ನೂ ಒಡಕು ಒಡಕು. ಆದರೂ ತಾಳ್ಮೆಯಿಂದ ಕೇಳಿದಿರಿ. ಪ್ರಸಂಗ ಮುಗಿಸುವಷ್ಟರಲ್ಲಿ ಗಂಟಲು ಸೋತಿತ್ತು, ಹೇಳಬೇಕಾದ ಥ್ಯಾಂಕ್ಸ್ ಹಾಗೇ ಉಳಿಯಿತು. ಅದಕ್ಕೇ ಈ ಬರಹ.

ದೇವರ ವಾಕ್ಯ ಕಲಿಸುವವನಿಗೆ ದನಿಯೇ ಬಂಡವಾಳ. ಅದೇ ಹೋದರೆ ಮನೆ ನಡೆಯೋದು ಹೇಗೆ ಅನ್ನೋ ಚಿಂತೆ ನನಗಿಂತ ಮೊದಲು ನನ್ನ ಹೆಂಡತಿಗೆ ಹತ್ತಿತ್ತು. ಪ್ರಸಂಗವನ್ನೇ ಮಾಡದವನು ಯಾವ ಮುಖ ಹೊತ್ತು ಸಂಬಳ ಕೇಳೋದು? ಆದರೆ ಕೇಳುವ ಸಂದರ್ಭವೇ ಬರಲಿಲ್ಲ. ತಿಂಗಳ ಮೊದಲ ವಾರ ಖಜಾಂಚಿ ಅಣ್ಣ ಎಂದಿನಂತೆ ಬಂದು ವೋಚರ್ ಪುಸ್ತಕ ಮುಂದಿಟ್ಟರು. 'ಈ ತಿಂಗಳು ನಾನೇನೂ ಮಾಡಿಲ್ಲವಲ್ಲ' ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು, 'ಸೈನ್ ಮಾಡಿ ಪಾಸ್ಟರ್' ಅಂತ ಪೆನ್ನನ್ನು ಮತ್ತೆ ನನ್ನ ಕೈಗೆ ಕೊಟ್ಟರು. ವೋಚರಿನಲ್ಲಿ ಸಹಾಯಧನ ಅಂತ ಬರೆದಿರಲಿಲ್ಲ. ಯಾವತ್ತಿನ ಹಾಗೆ ಸಂಬಳ ಅಂತಲೇ ಇತ್ತು. ದುಡ್ಡಿಗಿಂತ ಅದು ನನ್ನನ್ನು ಜಾಸ್ತಿ ಎತ್ತಿ ನಿಲ್ಲಿಸಿತು.

ಆಸ್ಪತ್ರೆಯ ಖರ್ಚಿಗೆ ಬೇರೆಯೇ ಕಾಣಿಕೆ ಎತ್ತಿದಿರಿ. ಯಾರು ಎಷ್ಟು ಕೊಟ್ಟಿರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡ ಹಿರಿಯರಿಗೆ ದೊಡ್ಡ ವಂದನೆ. ಗೊತ್ತಾಗಿದ್ದರೆ ಕೆಲವರ ಮುಂದೆ ನನ್ನ ನಾಲಿಗೆ ಮೆತ್ತಗಾಗುತ್ತಿತ್ತು, ಅಲ್ವಾ? ಒಟ್ಟು ಲೆಕ್ಕವನ್ನು ಮಾತ್ರ ಸಭೆಯ ಮುಂದೆ ಓದಿದಿರಿ.

ಈಗ ಕಷ್ಟ ಕಳೆದಿದೆ, ಹಾಗಾಗಿ ಸಂಕೋಚ ಬಿಟ್ಟು ಒಂದು ಮಾತು. ವಾಕ್ಯ ಕಲಿಯುವವನು ಕಲಿಸುವವನಿಗೆ ತನ್ನಲ್ಲಿರುವ ಒಳ್ಳೆಯದರಲ್ಲೆಲ್ಲ ಪಾಲು ಕೊಡಲಿ ಅಂತ ಬೈಬಲಿನಲ್ಲಿ ಪೌಲನ ಪತ್ರ, ಗಲಾತ್ಯ 6:6 ಹೇಳುತ್ತದೆ. ಇದರ ಮೇಲೆ ಪ್ರಸಂಗ ಮಾಡೋಕೆ ನಮ್ಮಂಥವರಿಗೆ ಮುಜುಗರ. ಪಾಸ್ಟರ್‌ಗೆ ಸಂಬಳ ಸಾಲುತ್ತಿಲ್ಲವೇನೋ ಅಂದುಕೊಳ್ಳುತ್ತಾರೆ! ಅಪೊಸ್ತಲ ಪೌಲನಿಗೂ ಈ ವಿಷಯದಲ್ಲಿ ಸೂಕ್ಷ್ಮವಿತ್ತು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕೆಲಸಕ್ಕೆ ಕೂತ. ಆ ಸಭೆಗೆ ಬರೆದಾಗ, ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕೆಂಬುದು ಕರ್ತನ ನೇಮ ಅಂತ ಒತ್ತಿ ಹೇಳಿದ. ಆದರೆ ಆ ಹಕ್ಕನ್ನು ಅಲ್ಲಿ ತಾನು ಬಳಸಲಿಲ್ಲ. ಫಿಲಿಪ್ಪಿ ಊರಿನ ಸಭೆಯವರು ಕಳಿಸಿದ್ದನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡ. ಅವರು ಅವನು ಥೆಸಲೊನೀಕದಲ್ಲಿದ್ದಾಗಲೂ ಒಂದಕ್ಕಿಂತ ಹೆಚ್ಚು ಸಲ ಕಳಿಸಿದ್ದರು. ಆಮೇಲೆ ಅವನು ಸೆರೆಯಲ್ಲಿದ್ದಾಗ ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಕಳಿಸಿದರು. ಹೊತ್ತು ತಂದ ಈ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ಇಂಥವರನ್ನು ಗೌರವಿಸಿ ಅಂತ ಪೌಲ ಅವನ ಪರವಾಗಿ ಬರೆದ.

ಹಾಗಾಗಿ ಕೊಟ್ಟವರಷ್ಟೇ ನನಗೆ ಹೊತ್ತು ತಂದವರೂ ನೆನಪಾಗುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿ ಕುರ್ಚಿಯಲ್ಲೇ ಮಲಗಿದ ತಮ್ಮಂದಿರು. ಬಿಲ್ಲುಗಳನ್ನು ದಿನಾಂಕದ ಪ್ರಕಾರ ಪಿನ್ ಮಾಡಿ ಕೊಟ್ಟ ಅಕ್ಕ. ಸುಮ್ನೆ ಬಂದು ಕೂತು ಪ್ರಾರ್ಥಿಸಿ ಹೋದ ಅಜ್ಜಿ.

ಇನ್ನೊಂದು ವಿಷಯ. ನಾನಿಲ್ಲದಾಗ ಯೌವನಸ್ಥರು ಸರದಿಯಲ್ಲಿ ವಾಕ್ಯ ಹಂಚಿದರು. ಸಂಡೇ ಸ್ಕೂಲ್ ಒಂದು ವಾರವೂ ನಿಲ್ಲಲಿಲ್ಲ. ಅವರೂ ಕಲಿಸುವವರೇ. ಸಂಡೇ ಸ್ಕೂಲಿನ ಅಕ್ಕಂದಿರು ಚಾರ್ಟು, ಬಣ್ಣಗಳನ್ನು ಇಷ್ಟು ವರ್ಷ ಸ್ವಂತ ದುಡ್ಡಿನಿಂದಲೇ ತರುತ್ತಿದ್ದರು ಅಂತ ಮೊನ್ನೆ ಗೊತ್ತಾಯಿತು. ನನ್ನ ಸಂಬಳ ಹೆಚ್ಚಿಸುವ ಮಾತು ಹಿರಿಯರ ಸಭೆಯಲ್ಲಿ ಬಂದಿದೆಯಂತೆ. ದಯವಿಟ್ಟು ಈ ವರ್ಷ ಆ ಹಣವನ್ನು ಅವರ ಹೆಸರಿಗೆ ಬರೆಯಿರಿ. ವೋಚರ್ ಸಮೇತ.

ಸದ್ಯಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮಾತಾಡಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕಾಗಿ ಒಳಗೊಳಗೇ ಸ್ತೋತ್ರ ಹೇಳುತ್ತಿರುವವರು ಯಾರ್ಯಾರು ಅಂತ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಪಾಸ್ಟರ್