ಗೋದಾಮಿನ ಹರಾಜು: ನೋಟಿಸು ಯಾರ ಕಣ್ಣಿಗೆ?

ಮಾನ್ಯ ಸಂಪಾದಕರೇ,

ಮುಂಬೈಯಲ್ಲಿ ಈಗ ಎಲ್ಲಿ ನೋಡಿದರೂ ರೀಡೆವಲಪ್‌ಮೆಂಟ್, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವುದು. ಜನ ಸಣ್ಣ ಬಾಡಿಗೆ ಮನೆಗೆ ಹೋಗುತ್ತಾರೆ, ಅಲ್ಲಿ ಹಿಡಿಸದ ಸಾಮಾನು ಸ್ಟೋರೇಜ್ ಗೋದಾಮಿಗೆ ಸೇರುತ್ತದೆ. ತಿಂಗಳ ಬಾಡಿಗೆ ಕಟ್ಟದಿದ್ದರೆ ಅದನ್ನು ಹರಾಜು ಹಾಕುತ್ತೇವೆ ಅಂತ ಕರಾರಿನ ಕೊನೆಯಲ್ಲೆಲ್ಲೋ ಬರೆದಿರುತ್ತದೆ. ಓದುವವರು ಯಾರು?

ನಮ್ಮ ಪರಿಚಯದ ಹೋಟೆಲಿನವರೊಬ್ಬರು ಚೆಂಬೂರಿನ ಲೀಸ್ ಮುಗಿದಾಗ ಗ್ರೈಂಡರ್, ಇಡ್ಲಿ ಪಾತ್ರೆ, ಸ್ಟೀಲ್ ಟೇಬಲ್, ಅಪ್ಪನ ಕಾಲದ ಹಿತ್ತಾಳೆ ಹಂಡೆ ಎಲ್ಲವನ್ನೂ ಭಿವಂಡಿ ಕಡೆಯ ಗೋದಾಮಿನಲ್ಲಿ ಇಟ್ಟಿದ್ದರು. ತಾಯಿಗೆ ಹುಷಾರಿಲ್ಲ ಅಂತ ಕುಂದಾಪುರಕ್ಕೆ ಹೋದವರು ಅಲ್ಲೇ ಉಳಿಯಬೇಕಾಯಿತು, ಬಾಡಿಗೆ ಬಾಕಿ ಬಿತ್ತು. ಹರಾಜಿನ ನೋಟಿಸು ಹೋದದ್ದು ಖಾಲಿ ಮಾಡಿದ ಹೋಟೆಲಿನ ವಿಳಾಸಕ್ಕೆ! ಪೇಪರಿನಲ್ಲಿ ಬಂದದ್ದೂ ಒಂದು ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ. ಹೆಸರಿಲ್ಲ, ಸಾಮಾನಿನ ವಿವರವಿಲ್ಲ, ಬರೀ ಯೂನಿಟ್ ನಂಬರು. ಬಾಕಿ ವಸೂಲು ಮಾಡಲಿ, ಅದಕ್ಕೆ ತಕರಾರಿಲ್ಲ. ಆದರೆ ಇದನ್ನು ಪ್ರಕಟಣೆ ಅನ್ನುವುದು ಹೇಗೆ?

ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿ ಇದ್ದವನು. ಸಾಲ ತೀರದಿದ್ದರೆ ಭದ್ರತೆಗೆ ಕೊಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ಮಾರಬಹುದು ಅನ್ನುವ ಸರ್ಫೇಸಿ ಕಾಯ್ದೆಯ 2002ರ ನಿಯಮಗಳ ಪ್ರಕಾರ ಚರಾಸ್ತಿ ಮಾರುವ ಮೊದಲು ಸಾಲಗಾರನಿಗೆ 30 ದಿನಗಳ ನೋಟಿಸು ಕೊಡುತ್ತಿದ್ದೆವು. ಬಹಿರಂಗ ಹರಾಜಾದರೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಒಂದು ಸ್ಥಳೀಯ ಭಾಷೆಯದೇ ಆಗಬೇಕು. ಚಿನ್ನದ ಸಾಲದ ಕಂಪನಿಗಳಿಗೂ ರಿಸರ್ವ್ ಬ್ಯಾಂಕ್ ಎರಡು ಪತ್ರಿಕೆಗಳ ಷರತ್ತು ಹಾಕಿದೆ. ಅಮೆರಿಕದ ಹಲವು ರಾಜ್ಯಗಳು ಇಂಥ ಗೋದಾಮುಗಳಿಗೆಂದೇ ಕಾನೂನು ಮಾಡಿವೆ. ವಾರಕ್ಕೊಮ್ಮೆಯಂತೆ ಎರಡು ವಾರ ಪತ್ರಿಕೆಯಲ್ಲಿ ಹಾಕಬೇಕು ಅನ್ನುವುದು ಅಲ್ಲಿನ ಹಳೆಯ ಪದ್ಧತಿ. ಈಗ ಕೆಲವು ಕಡೆ ವೆಬ್‌ಸೈಟಿನಲ್ಲಿ ಹಾಕಿದರೂ ನಡೆಯುತ್ತದೆ. ನಮ್ಮಲ್ಲಿ? 1872ರ ಕರಾರು ಕಾಯ್ದೆಯ 176ನೇ ಕಲಂ, ಅಡವಿಟ್ಟ ವಸ್ತು ಮಾರುವ ಮೊದಲು ತಕ್ಕ ನೋಟಿಸು ಕೊಡಿ ಅನ್ನುತ್ತದೆ. ಬಾಡಿಗೆ ಕೊಟ್ಟು ಇಟ್ಟ ಸಾಮಾನು ಅಡವಲ್ಲವಲ್ಲ!

ಇನ್ನೊಂದು ಮಾತು. ಪ್ರಕಟಣೆ ಇರುವುದು ಮಾಲೀಕನಿಗೆ ತಿಳಿಯಲಿ ಅಂತ ಮಾತ್ರ ಅಲ್ಲ, ಕೊಳ್ಳುವವರು ಬರಲಿ ಅಂತಲೂ ಹೌದು. ಯಾರೂ ನೋಡದ ಜಾಹೀರಾತು ಕೊಟ್ಟರೆ ಬರುವುದು ಅದೇ ನಾಲ್ಕು ಭಂಗಾರಿನವರು, ಅಂದರೆ ಗುಜರಿಯವರು. ರೇಟು ಅವರವರಲ್ಲೇ ಹೊರಗೆ ಮಾತಾಗಿರುತ್ತದೆ. ಎಷ್ಟೋ ಹರಾಜಿನಲ್ಲಿ ನಾನೇ ನೋಡಿದ್ದೇನೆ. ಹಂಡೆಗೆ ತೂಕದ ಬೆಲೆಯೂ ಸಿಗುವುದಿಲ್ಲ, ಬಾಕಿಯೂ ತೀರುವುದಿಲ್ಲ.

ಜಾಹೀರಾತು ದುಬಾರಿ ಅನ್ನುತ್ತಾರೆ ಗೋದಾಮಿನವರು. ಆ ಖರ್ಚನ್ನು ಹೇಗೂ ಗಿರಾಕಿಯ ಬಾಕಿಗೇ ಸೇರಿಸುತ್ತಾರೆ, ಅಲ್ವಾ? ಮಹಾರಾಷ್ಟ್ರ ಸರ್ಕಾರ ಇವರಿಗೂ ಎರಡು ಪತ್ರಿಕೆಗಳ ನಿಯಮ ತರಲಿ. ಒಂದು ಪತ್ರಿಕೆ ಗಿರಾಕಿ ಕರಾರಿನಲ್ಲಿ ಬರೆಸಿದ ಭಾಷೆಯದಾಗಿರಲಿ, ಕನ್ನಡವಾದರೆ ಕನ್ನಡ. ಸಾಮಾನಿನ ಪಟ್ಟಿ ಹಾಕಲಿ, ಬಾಕಿ ಕಳೆದು ಉಳಿದ ಹಣ ಮಾಲೀಕನಿಗೆ ಕೊಡಲಿ.

ಅಲ್ಲಿವರೆಗೆ, ಸಾಮಾನು ಇಡುವವರು ಕರಾರಿನಲ್ಲಿ ಊರಿನ ವಿಳಾಸವನ್ನೂ ಮನೆಯ ಇನ್ನೊಬ್ಬರ ಫೋನ್ ನಂಬರನ್ನೂ ಬರೆಸಿ, ಸಹಿ ಹಾಕಿದ ಪ್ರತಿಯೊಂದನ್ನು ಕೇಳಿ ಇಟ್ಟುಕೊಳ್ಳಿ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ