ಟ್ರೌಟ್‌ಗೊಂದು, ಬಾಸ್‌ಗೊಂದು ರಾಡ್ ಯಾಕೆ?

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಾಳದ ಹವ್ಯಾಸದ ಬಗ್ಗೆ ಬಂದ ಲೇಖನ ಓದಿದೆ. ಟ್ರೌಟ್ ಮೀನಿಗೆ ರಾಡ್ (ಗಾಳದ ಕೋಲು), ರೀಲ್ (ದಾರ ಸುತ್ತುವ ಗಾಲಿ) ಸೇರಿದ ಒಂದು ಸೆಟ್, ಬಾಸ್ ಮೀನಿಗೆ ಬೇರೆಯೇ ಒಂದು ಸೆಟ್ ಕೊಳ್ಳಬೇಕು ಎಂದು ಅದರಲ್ಲಿತ್ತು. ಸಾಗರದಲ್ಲಿ ಬಲೆ, ಗಾಳ, ಟಂಗೀಸು ದಾರ ಮಾರಿ ಹೊಟ್ಟೆ ಹೊರೆಯುವವನು ನಾನು. ಎರಡು ಸೆಟ್ ಹೋದರೆ ಗಲ್ಲಾಪೆಟ್ಟಿಗೆಗೆ ಒಳ್ಳೆಯದೇ. ಆದರೂ ಆ ಪುಟದ ಫೋಟೊ ಮೊಬೈಲಿನಲ್ಲಿ ಹಿಡಿದು ಬರುವ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳಿ ಗಂಟಲು ಒಣಗಿದೆ. ಒಮ್ಮೆ ಇಲ್ಲಿ ಬರೆದರೆ ಎಲ್ಲರಿಗೂ ತಲುಪೀತು.

ಬರುವವರಲ್ಲಿ ಎರಡು ಪಂಗಡ. ತುಂಗೆಯಲ್ಲೋ ಶರಾವತಿಯಲ್ಲೋ ಟ್ರೌಟ್ ಹಿಡಿಯುತ್ತೇವೆಂದು ಹೊರಟ ಹುಡುಗರು ಒಂದು. ಅವರಿಗೆ ನನ್ನ ಉತ್ತರ ಚಿಕ್ಕದು: ಇಲ್ಲಿ ಟ್ರೌಟ್ ಇಲ್ಲ ಮಾರಾಯ್ರೆ. ಅದು ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಸೊರಗುತ್ತದೆ. ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ತಂದುಬಿಟ್ಟದ್ದು ಊಟಿ ಆಚೆಯ ಅವಲಾಂಚಿ ಕಡೆಯಲ್ಲಿದೆ, ನಮ್ಮ ಘಟ್ಟದ ಹೊಳೆಗಳಲ್ಲಲ್ಲ. ಬಾಸ್ ಅಂತೂ ಉತ್ತರ ಅಮೆರಿಕದ ಮೀನು.

ಇನ್ನೊಂದು ಪಂಗಡಕ್ಕೆ ನಿಜಕ್ಕೂ ರಾಡ್ ಬೇಕು. ಮಗಳ ಬಾಣಂತನಕ್ಕೆಂದು ಹೆಂಡತಿಯ ಹಿಂದೆ ಅಮೆರಿಕಕ್ಕೆ ಹೊರಟ ನಿವೃತ್ತ ಮೇಷ್ಟ್ರುಗಳು, ಅಡಿಕೆ ತೋಟದ ಯಜಮಾನರು. ಅಲ್ಲಿ ಕೆಲಸವೆಲ್ಲ ಅಮ್ಮಂದಿರಿಗೆ, ಅಪ್ಪಂದಿರಿಗೆ ಕಿಟಕಿ ನೋಡುವುದೇ ಕೆಲಸ. ಪೆನ್ಸಿಲ್ವೇನಿಯಾದ ಮಗನ ಮನೆಯಲ್ಲಿ ನಾನೂ ಹಾಗೇ ಕೂತವನು, ಆಮೇಲೆ ಏಪ್ರಿಲ್ಲಿನ ತಣ್ಣನೆ ತೊರೆಯಲ್ಲಿ ಟ್ರೌಟನ್ನೂ ಬೇಸಿಗೆಯ ಕೆರೆಯಲ್ಲಿ ಬಾಸನ್ನೂ ಒಂದೇ ರಾಡಿನಲ್ಲಿ ಹಿಡಿದವನು.

ರಾಡ್ ಕೊಳ್ಳುವಾಗ ಬಣ್ಣ ನೋಡಬೇಡಿ, ಬರಹ ಓದಿ. ಹಿಡಿಯಿಂದ ತುಸು ಮೇಲೆ ಇರುವೆ ಸಾಲಿನಂಥ ಸಣ್ಣಕ್ಷರ ಇರುತ್ತದೆ. ಕನ್ನಡಕ ಏರಿಸಿಕೊಂಡೇ ಓದಬೇಕು. ಉದ್ದ 6.5ರಿಂದ 7 ಅಡಿ, ಬಲ ಮೀಡಿಯಂ ಲೈಟ್ (ತುಸು ಹಗುರ), ಆ್ಯಕ್ಷನ್ (ಬಾಗುವ ರೀತಿ) ಫಾಸ್ಟ್, ಎಂದರೆ ತುದಿಯ ಕಡೆ ಬಾಗುವುದು, ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ತೂಕ 1/8ರಿಂದ 1/2 ಔನ್ಸ್, ಅಂದರೆ ಮೂರೂವರೆ ಗ್ರಾಮಿನಿಂದ 14 ಗ್ರಾಂ. ನನ್ನ ಮಟ್ಟಿಗೆ ಇದರಲ್ಲಿ ಕೊನೆಯದೇ ಮುಖ್ಯ. ಟ್ರೌಟ್‌ಗೆ ಎಸೆಯುವ ಬಹುಪಾಲು ಲೂರ್‌ಗಳು 7 ಗ್ರಾಮಿನ ಒಳಗೆ, ಬಾಸ್‌ನವು ಅದರ ಮೇಲೆ. ಎರಡೂ ಈ ಅಳತೆಯೊಳಗೆ ಬರುತ್ತವೆ.

ಅಂಗಡಿಯಲ್ಲಿ ನಾನು ಗಿರಾಕಿಯ ಕೈಗೆ ರಾಡ್ ಕೊಟ್ಟು, ದಾರವನ್ನು ರಿಂಗುಗಳಲ್ಲಿ ಪೋಣಿಸಿ, ಆ ಕಡೆಯಿಂದ ಮೆಲ್ಲಗೆ ಕೆಳಕ್ಕೆ ಜಗ್ಗುತ್ತೇನೆ. ಮೇಲಿನ ಮೂರನೇ ಒಂದು ಭಾಗ ಬಾಗಿ, ಕೆಳಗಿನದು ಬಿಗಿಯಾಗಿ ನಿಂತರೆ ಅದು ನಮಗೆ ಬೇಕಾದ ರಾಡ್. ಟ್ರೌಟ್‌ನ ಬಾಯಿ ಮೆದು. ಇಡೀ ರಾಡ್ ಸೆಟೆದಿದ್ದರೆ ಎಳೆದ ರಭಸಕ್ಕೆ ಬಾಯಿ ಹರಿದು ಮೀನು ಕಳಚಿಕೊಳ್ಳುತ್ತದೆ. ಬಾಸ್‌ನದು ಗಟ್ಟಿ ದವಡೆ, ಸಾಲದ್ದಕ್ಕೆ ಕಚ್ಚಿದ ಕೂಡಲೇ ದಿಮ್ಮಿಯಡಿಗೋ ಜೊಂಡಿನೊಳಕ್ಕೋ ನುಗ್ಗುವ ಬುದ್ಧಿ. ಅದನ್ನು ತಡೆಯಲು ಬುಡದಲ್ಲಿ ಕಸುವು ಬೇಕು.

ರೀಲ್ 2500 ನಂಬರಿನ ಸ್ಪಿನ್ನಿಂಗ್ ಸಾಕು, ಎಸೆಯುವಾಗ ಸುರುಳಿ ತಿರುಗದೆ ದಾರ ಮಾತ್ರ ಕಳಚಿಹೋಗುವ ಬಗೆಯದು. ಬಾಸ್‌ಗೆ ಎಸೆಯುವಾಗ ಸುರುಳಿಯೇ ತಿರುಗುವ ಬೇಟ್‌ಕಾಸ್ಟರ್ ರೀಲ್ ಆಗಲೇಬೇಕೆಂದು ನಿಮ್ಮ ಲೇಖಕರು ಬರೆದಿದ್ದಾರೆ. ಭಾರದ ಲೂರ್‌ಗೆ ಅದು ಸೊಗಸು, ಒಪ್ಪುತ್ತೇನೆ. ನಾಲ್ಕು ಗ್ರಾಮಿನ ಲೂರ್ ಕಟ್ಟಿ ಹೊಸಬರು ಬೀಸಿದರೆ ಲೂರ್ ಕಾಲಡಿಗೇ ಬಿದ್ದು ದಾರ ರೀಲಿನಲ್ಲೇ ಗೋಜಲಾಗುತ್ತದೆ. ಬಿಡಿಸಿಕೊಡಿ ಎಂದು ಆಮೇಲೆ ನನ್ನ ಹತ್ತಿರವೇ ತರುತ್ತಾರೆ.

ರೀಲಿಗೆ 10 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ) ಸುತ್ತಿ. ಮೀನು ಬದಲಾದಾಗ ಬದಲಿಸಬೇಕಾದ್ದು ಅದರ ತುದಿಗೆ ಗಂಟು ಹಾಕುವ ಒಂದು ಮಾರು ಫ್ಲೂರೋಕಾರ್ಬನ್ ದಾರವನ್ನು, ನೀರಿನಲ್ಲಿ ಅಷ್ಟಾಗಿ ಕಾಣದ್ದು. ತಿಳಿನೀರಿನ ಟ್ರೌಟ್‌ಗೆ 6 ಪೌಂಡ್, ಬಾಸ್‌ಗೆ 10 ಅಥವಾ 12. ಎರಡನೇ ರಾಡಿನ ದುಡ್ಡು ಉಳಿಯುವುದು ಈ ಒಂದು ಮಾರಿನಲ್ಲಿ.

ಲೂರ್ ಡಬ್ಬಿ ಅಂಗಿ ಜೇಬಿಗೆ ಹಿಡಿದರೆ ಸಾಕು. ಲೋಹದ ಎಲೆ ಗಿರಗಿರ ತಿರುಗುವ, ಮೆಪ್ಸ್ ಕಂಪನಿಯದರಂಥ ಸ್ಪಿನ್ನರ್, 2ನೇ ನಂಬರಿನದು. ರಪಾಲಾ ಕಂಪನಿಯ 7 ಸೆಂ.ಮೀ. ತೇಲುವ ನಕಲಿ ಮೀನು. ಲೌರಿ ರಪಾಲಾ ಎಂಬ ಫಿನ್ಲೆಂಡಿನ ಬೆಸ್ತ 1936ರಲ್ಲಿ ಬೆಂಡು ಕೆತ್ತಿ ತನ್ನ ಮೊದಲ ಲೂರ್ ಮಾಡಿದ. ಗಾಯಗೊಂಡ ಮರಿಮೀನಿನ ತತ್ತರಿಕೆ ಅದರಲ್ಲಿ ಹಾಗೇ ಇದೆ. ಇವೆರಡಕ್ಕೂ ಟ್ರೌಟ್ ಬರುತ್ತದೆ, ಬಾಸೂ ಬರುತ್ತದೆ. ಜೊಂಡಿನ ಜಾಗಕ್ಕೆ ಮಾತ್ರ ರಬ್ಬರ್ ಹುಳ ಇಟ್ಟುಕೊಳ್ಳಿ. ಗಾಳದ ಮೊನೆಯನ್ನು ಹುಳದ ಮೈಯೊಳಗೇ ಹುದುಗಿಸಿದರೆ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ.

ಪ್ರಯಾಣದ ಮಾತೂ ಒಂದಿದೆ. ಎರಡು ತುಂಡಿನ 7 ಅಡಿ ರಾಡ್ ಮಡಚಿದರೂ ಮೂರೂವರೆ ಅಡಿ, ಸೂಟ್‌ಕೇಸಿಗೆ ಹಿಡಿಯದು. ನಾಲ್ಕು ತುಂಡಿನದಾದರೆ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬದ ಪಕ್ಕ ಆರಾಮಾಗಿ ಮಲಗುತ್ತದೆ. ಗಾಳಗಳನ್ನು ಕೈಚೀಲದಲ್ಲಿ ಒಯ್ಯಬೇಡಿ. ಅಲ್ಲಿ ಲೈಸೆನ್ಸ್ ಇಲ್ಲದೆ ನೀರಿಗೆ ದಾರ ಬಿಡುವಂತಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಟ್ರೌಟ್‌ಗೆ ಅದರ ಮೇಲೆ ಇನ್ನೊಂದು ಪರ್ಮಿಟ್ ಬೇಕು.

ವಾಪಸು ಬಂದವರು ಅದೇ ರಾಡಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಕೊರವ ಮೀನನ್ನು ಎಬ್ಬಿಸಲು ಹೋಗುತ್ತಾರೆ. ಕಳೆಯ ಮೇಲೆ ರಬ್ಬರ್ ಕಪ್ಪೆ ಎಳೆದು ಕೊರವನನ್ನು ಹೊರಗೆಳೆಯಲು ಮೀಡಿಯಂ ಹೆವಿ (ತುಸು ಬಲದ) ರಾಡ್, 30 ಪೌಂಡಿಗೆ ಕಡಿಮೆಯಿಲ್ಲದ ಬ್ರೇಡ್ ಬೇಕು. ಮೀಡಿಯಂ ಲೈಟ್ ಮುರಿದರೆ ಅಂಗಡಿಯವನನ್ನು ಬೈಯಬೇಡಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಬುಳಬುಳ ಅನ್ನುತ್ತಿದ್ದರೆ ತಾಯಿ ತಂದೆ ಕೆಳಗೇ ಕಾವಲಿರುತ್ತವೆ. ಅಲ್ಲಿಗೆ ಲೂರ್ ಎಸೆದರೆ ಕಚ್ಚುವುದು ಖಂಡಿತ, ಕಾವಲು ತಪ್ಪಿದ ಮರಿಗಳು ಬೇರೆ ಮೀನಿನ ಪಾಲಾಗುವುದೂ ಖಂಡಿತ. ಅಂಥ ಶಿಕಾರಿಯ ಫೋಟೊ ನನಗೆ ತೋರಿಸಲು ಬರುವವರಿಗೆ ನಾನು ಗಾಳ ಮಾರುವುದಿಲ್ಲ.

ಸಂಪಾದಕರಲ್ಲಿ ಕೋರಿಕೆ ಇಷ್ಟೆ. ಮುಂದಿನ ಕಂತಿನಲ್ಲಿ ಲೂರ್ ತೂಕವನ್ನು ಔನ್ಸಿನ ಜತೆ ಗ್ರಾಮಿನಲ್ಲೂ ಹಾಕಿಸಿ. ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮಗಳಲ್ಲಿ, ಅಭಯಾರಣ್ಯಕ್ಕೆ ಸೇರಿದ ಹಿನ್ನೀರಿನಲ್ಲಿ ಗಾಳ ಹಾಕುವಂತಿಲ್ಲ ಎಂಬುದನ್ನು ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿ. ಹುಡುಗರು ಪುರವಣಿಯ ಫೋಟೊ ಹಿಡಿದು ಬರುವಾಗ ಆ ಸಾಲೂ ಅದರಲ್ಲಿರಲಿ.

– ಬಲೆ-ಗಾಳದ ಅಂಗಡಿಯವ, ಸಾಗರ