ಸುಡೊಕು ಮನೆಗಳು ಸ್ವಲ್ಪ ದೊಡ್ಡದಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಧ್ಯಮ ಹಂತದ ಸುಡೊಕುವನ್ನು ನಾನು ದಿನಾ ಬಿಡಿಸುತ್ತೇನೆ. ದಯವಿಟ್ಟು ಮನೆಗಳನ್ನು ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿ. ಸುಲಭದ್ದಕ್ಕೆ ಈಗಿನ ಅಳತೆ ಸಾಕು, ಕಣ್ಣಾಡಿಸಿದರೇ ಅಂಕಿ ಸಿಗುತ್ತದೆ. ಮಧ್ಯಮದ್ದು ಹಾಗಲ್ಲ. ಖಾಲಿ ಮನೆಯ ಮೂಲೆಯಲ್ಲಿ, ಅಲ್ಲಿ ಬರಬಹುದಾದ ಅಂಕಿಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲೇಬೇಕು. ಪ್ರತಿ ಅಡ್ಡಸಾಲು, ಕಂಬಸಾಲು, 3×3 ಚೌಕದಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕಲ್ಲ. ಹಾಗಾಗಿ ಒಂದೇ ಸಾಲಿನ ಎರಡು ಮನೆಗಳಲ್ಲಿ, ಎರಡರಲ್ಲೂ ಬರೀ 2 ಮತ್ತು 7 ಉಳಿದರೆ, ಯಾವುದು ಎಲ್ಲಿ ಅಂತ ಗೊತ್ತಾಗದಿದ್ದರೂ ಆ ಸಾಲಿನ ಬೇರೆ ಯಾವ ಮನೆಗೂ ಅವು ಬರುವಂತಿಲ್ಲ, ಅಳಿಸಿಬಿಡಬಹುದು, ಎಷ್ಟೋ ಸಲ ಅಷ್ಟರಲ್ಲೇ ಇಡೀ ಒಗಟು ಬಿಚ್ಚಿಕೊಳ್ಳುತ್ತದೆ. ಹಾಗೆಯೇ ಒಂದು 3×3 ಚೌಕದಲ್ಲಿ 5ಕ್ಕೆ ಉಳಿದ ಜಾಗಗಳೆಲ್ಲ ಒಂದೇ ಅಡ್ಡಸಾಲಿನಲ್ಲಿದ್ದರೆ, ಆ ಸಾಲಿನಲ್ಲಿ ಚೌಕದ ಆಚೆ 5 ಬರುವುದಿಲ್ಲ. ಊಹೆ ಬೇಕಾಗಿಲ್ಲ. ಸುಮ್ನೆ ಊಹಿಸಿ ತುಂಬಿದರೆ ಬಿಡಿಸಿದ ಖುಷಿಯೇ ತಪ್ಪಿಹೋಗುತ್ತದೆ, ಅಲ್ವಾ?

ಇನ್ನೊಂದು ಮಾತು. ಕಳೆದ ವಾರ ಒಂದು ದಿನ ಎರಡು ಉತ್ತರ ಬಂತು. ಕೊನೆಗೆ ನಾಲ್ಕು ಮನೆ ಉಳಿದವು, ಎರಡು ಅಡ್ಡಸಾಲು, ಎರಡು ಕಂಬಸಾಲು, ಎರಡೇ ಚೌಕ, ನಾಲ್ಕರಲ್ಲೂ 3 ಅಥವಾ 8. ಅದಲು ಬದಲು ಮಾಡಿದರೂ ಸರಿಹೋಗುತ್ತದೆ! ಸರಿಯಾದ ಸುಡೊಕುವಿಗೆ ಒಂದೇ ಉತ್ತರ ಇರಬೇಕು. ಅಚ್ಚಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತೇನೋ. 17ಕ್ಕಿಂತ ಕಡಿಮೆ ಅಂಕಿ ಕೊಟ್ಟರೆ ಒಂದೇ ಉತ್ತರ ಬರುವುದು ಸಾಧ್ಯವೇ ಇಲ್ಲ ಅಂತ 2012ರಲ್ಲಿ ಡಬ್ಲಿನ್‌ನ ಗಣಿತಜ್ಞರು ಕಂಪ್ಯೂಟರ್ ಇಟ್ಟುಕೊಂಡು ತೋರಿಸಿದ್ದಾರೆ, ಆದರೆ 25 ಅಂಕಿ ಇದ್ದರೂ ಮುಖ್ಯವಾದದ್ದು ಒಂದು ಹೋದರೆ ಸಾಕು, ಲೆಕ್ಕ ಕೆಡುತ್ತದೆ. ಅರ್ಧ ಗಂಟೆ ಕೂತು ಬಿಡಿಸಿದವರಿಗೆ ಅದು ತುಂಬ ಬೇಸರ. ಅಚ್ಚಿಗೆ ಕಳಿಸುವ ಮೊದಲು ನಿಮ್ಮಲ್ಲಿ ಯಾರಾದರೂ ಒಬ್ಬರು ಬಿಡಿಸಿ ನೋಡಲಿ.

ಇಂತಿ ನಿಮ್ಮ ಓದುಗ,
ಹಾಸನ